ಕಪ್ಪು ಮದ್ದಿನ ಪ್ರತಿಕೃತಿ ರಿವಾಲ್ವರ್‌ಗಳ ಮೂಲವನ್ನು ಗುರುತಿಸುವುದು

ಕಪ್ಪು ಮದ್ದಿನ ಪ್ರತಿಕೃತಿ ರಿವಾಲ್ವರ್‌ ಎಂದರೆ 19ನೆಯ ಶತಮಾನದ, ಕೇಪಿನಿಂದ ಸಿಡಿಯುವ ರಿವಾಲ್ವರ್‌ಗಳನ್ನು ಮಾದರಿಯಾಗಿಟ್ಟುಕೊಂಡು 20ನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತು ಅನಂತರ ತಯಾರಿಸಲಾದ ಆಯುಧ. ಇವುಗಳಲ್ಲಿ ಹೆಚ್ಚಿನವು ಅಮೆರಿಕದ ಕೋಲ್ಟ್ ಮತ್ತು ರೆಮಿಂಗ್‌ಟನ್ ಕಂಪನಿಗಳ ಹಳೆಯ ಮಾದರಿಗಳ ನಕಲುಗಳು; ತಯಾರಾದದ್ದು ಮುಖ್ಯವಾಗಿ ಇಟಲಿಯಲ್ಲಿ. ಇಂತಹ ರಿವಾಲ್ವರ್ ಯಾವ ದೇಶದಲ್ಲಿ, ಯಾವ ಕಾರ್ಖಾನೆಯಲ್ಲಿ, ಯಾವ ವರ್ಷದಲ್ಲಿ ತಯಾರಾಯಿತು ಎಂಬುದನ್ನು ಅದರ ಮೇಲಿನ ಪರೀಕ್ಷಾ ಮುದ್ರೆ, ವರ್ಷದ ಸಂಕೇತ, ತಯಾರಕರ ಲಾಂಛನ, ಕ್ರಮಸಂಖ್ಯೆ ಹಾಗೂ ರಚನೆಯ ಲಕ್ಷಣಗಳಿಂದ ನಿರ್ಧರಿಸಲಾಗುತ್ತದೆ.

ನಳಿಗೆಯ ಮೇಲೆ ಎದ್ದು ಕಾಣುವ ಹೆಸರು ಸಾಮಾನ್ಯವಾಗಿ ತಯಾರಕರದ್ದಲ್ಲ. ಅದು ಆಮದುದಾರರದ್ದು, ಇಲ್ಲವೇ ನಕಲಿಗೆ ಮಾದರಿಯಾದ ಮೂಲ ಕಂಪನಿಯದ್ದು. ನಿಜವಾದ ಮೂಲವನ್ನು ತಿಳಿಸುವ ಮುದ್ರೆಗಳು ಚಿಕ್ಕವು, ಅನೇಕ ವೇಳೆ ಬಿಡಿಭಾಗಗಳ ಕೆಳಗೆ ಮರೆಯಾಗಿರುವಂಥವು. ಪ್ರತಿಕೃತಿಯನ್ನು ಮೂಲ ಆಯುಧವೆಂದು ಮಾರುವ ವಂಚನೆಯನ್ನು ತಡೆಯುವುದಕ್ಕೂ, ಆಯುಧವನ್ನು ಸುರಕ್ಷಿತವಾಗಿ ನಿರ್ವಹಿಸುವುದಕ್ಕೂ, ಅದಕ್ಕೆ ಅನ್ವಯವಾಗುವ ಕಾನೂನನ್ನು ತಿಳಿಯುವುದಕ್ಕೂ ಈ ಗುರುತಿಸುವಿಕೆ ಅಗತ್ಯ.

ಈ ಲೇಖನದಲ್ಲಿ ರೋಮನ್ ಅಕ್ಷರಗಳ ಮುದ್ರೆಗಳನ್ನು ಅವುಗಳ ಇಂಗ್ಲಿಷ್ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

## ಹಿನ್ನೆಲೆ

ಕಪ್ಪು ಮದ್ದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಇವುಗಳ ಪ್ರಮಾಣ ಸುಮಾರು 75, 15 ಮತ್ತು 10ರಷ್ಟು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಗೆರಹಿತ ಮದ್ದು ಬಳಕೆಗೆ ಬರುವವರೆಗೆ ಎಲ್ಲ ಬಂದೂಕುಗಳಲ್ಲಿಯೂ ಇದನ್ನೇ ಬಳಸಲಾಗುತ್ತಿತ್ತು.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರ್‌ಗೆ ಆ ದೇಶದ ಪೇಟೆಂಟ್ ಪಡೆದದ್ದು 1836ರಲ್ಲಿ. ಇದರಲ್ಲಿ ತಿರುಗುವ ಸಿಲಿಂಡರಿನ ಪ್ರತಿಯೊಂದು ಕೋಣೆಗೂ ಮುಂಭಾಗದಿಂದ ಮದ್ದು ಮತ್ತು ಸೀಸದ ಗುಂಡನ್ನು ತುಂಬಿ, ನಳಿಗೆಯ ಕೆಳಗಿರುವ ಲೋಡಿಂಗ್ ಲಿವರ್ ಎಂಬ ಸನ್ನೆಯಿಂದ ಒತ್ತಲಾಗುತ್ತದೆ (ಈ ಸನ್ನೆ ಮೊದಲ ಮಾದರಿಗಳಲ್ಲಿ ಇರಲಿಲ್ಲ). ಕೋಣೆಯ ಹಿಂಬದಿಯಲ್ಲಿ ನಿಪ್ಪಲ್ ಎಂಬ ಟೊಳ್ಳಾದ ಮೊಳೆಯಿದ್ದು, ಅದರ ಮೇಲೆ ತಾಮ್ರದ ಚಿಕ್ಕ ಕೇಪನ್ನು ಕೂರಿಸಲಾಗುತ್ತದೆ. ಹ್ಯಾಮರ್ ಬಡಿದಾಗ ಕೇಪು ಸಿಡಿದು ಒಳಗಿನ ಮದ್ದಿಗೆ ಕಿಡಿ ತಲುಪುತ್ತದೆ. ಮಲೆನಾಡಿನಲ್ಲಿ ಕೇಪಿನ ಕೋವಿ ಎಂದು ಪರಿಚಿತವಾಗಿರುವ ಬಂದೂಕಿನದೂ ಇದೇ ತತ್ತ್ವ.

ಲೋಹದ ತೋಟಾಗಳು ಬಳಕೆಗೆ ಬಂದ ಮೇಲೆ, 1870ರ ದಶಕದಲ್ಲಿ, ಈ ಬಗೆಯ ರಿವಾಲ್ವರ್‌ಗಳ ತಯಾರಿಕೆ ನಿಂತುಹೋಯಿತು. ಪ್ರತಿಕೃತಿಗಳಿಗೆ ಹೆಚ್ಚಾಗಿ ಮಾದರಿಯಾದ ಮೂಲ ರಿವಾಲ್ವರ್‌ಗಳು ಇವು:

* ಕೋಲ್ಟ್ ವಾಕರ್ (1847): 0.44 ಕ್ಯಾಲಿಬರ್, 9 ಇಂಚಿನ ನಳಿಗೆ, ಸುಮಾರು 2 ಕಿಲೋಗ್ರಾಂ ತೂಕ. ತಯಾರಾದದ್ದು ಸುಮಾರು 1,100 ಮಾತ್ರ.
* ಕೋಲ್ಟ್ ನೇವಿ (1851): 0.36 ಕ್ಯಾಲಿಬರ್, ಎಂಟು ಮೂಲೆಯ 7.5 ಇಂಚಿನ ನಳಿಗೆ. 1850ರಿಂದ 1873ರವರೆಗೆ ತಯಾರಾಯಿತು.
* ಕೋಲ್ಟ್ ಆರ್ಮಿ (1860): 0.44 ಕ್ಯಾಲಿಬರ್, ದುಂಡನೆಯ 8 ಇಂಚಿನ ನಳಿಗೆ, ಮುಂಭಾಗ ದಪ್ಪವಾಗಿರುವ ಮೆಟ್ಟಿಲಾಕಾರದ ಸಿಲಿಂಡರ್.
* ರೆಮಿಂಗ್‌ಟನ್ ನ್ಯೂ ಮಾಡೆಲ್ ಆರ್ಮಿ: 0.44 ಕ್ಯಾಲಿಬರ್. ನಳಿಗೆಯ ಮೇಲೆ ಮುದ್ರಿತವಾದ 1858ರ ಪೇಟೆಂಟ್ ದಿನಾಂಕದಿಂದಾಗಿ '1858 ರೆಮಿಂಗ್‌ಟನ್' ಎಂದು ಕರೆಯಲ್ಪಡುತ್ತದೆ. ಇದರ ತಯಾರಿಕೆ ಆರಂಭವಾದದ್ದು ಆ ವರ್ಷದಲ್ಲಲ್ಲ, ಅಂತರ್ಯುದ್ಧದ ಕಾಲದಲ್ಲಿ.
* ಗ್ರಿಸ್‌ವೋಲ್ಡ್: ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಜಾರ್ಜಿಯಾದಲ್ಲಿ ತಯಾರಾದ ಕೋಲ್ಟ್ ನೇವಿಯ ನಕಲು. 0.36 ಕ್ಯಾಲಿಬರ್, ಹಿತ್ತಾಳೆಯ ಫ್ರೇಮ್, ದುಂಡು ನಳಿಗೆ.

ಕೋಲ್ಟ್ ಮಾದರಿಗಳಲ್ಲಿ ಸಿಲಿಂಡರಿನ ಮೇಲ್ಭಾಗ ತೆರೆದಿರುತ್ತದೆ. ನಳಿಗೆ ಮತ್ತು ಫ್ರೇಮ್‌ಗಳನ್ನು ಒಂದು ಉಕ್ಕಿನ ಬೆಣೆ ಹಿಡಿದಿಡುತ್ತದೆ. ರೆಮಿಂಗ್‌ಟನ್ ಮಾದರಿಯಲ್ಲಿ ಸಿಲಿಂಡರಿನ ಮೇಲೆಯೂ ಫ್ರೇಮಿನ ಪಟ್ಟಿ ಹಾದುಹೋಗುತ್ತದೆ. ಕೈಗೆ ಬಂದ ಪ್ರತಿಕೃತಿ ಯಾವ ವಂಶದ್ದು ಎಂಬುದು ಈ ಒಂದು ವ್ಯತ್ಯಾಸದಿಂದಲೇ ತಿಳಿಯುತ್ತದೆ.

## ಪ್ರತಿಕೃತಿ ತಯಾರಿಕೆಯ ಇತಿಹಾಸ

ಅಮೆರಿಕದ ಅಂತರ್ಯುದ್ಧದ (1861–1865) ಶತಮಾನೋತ್ಸವ ಸಮೀಪಿಸುತ್ತಿದ್ದ 1950ರ ದಶಕದ ಕೊನೆಯಲ್ಲಿ ಆ ಕಾಲದ ಆಯುಧಗಳಿಗೆ ಬೇಡಿಕೆ ಹೆಚ್ಚಿತು. ಹಳೆಯ ರಿವಾಲ್ವರ್‌ಗಳನ್ನು ಹಾರಿಸುವುದು ಅಪಾಯಕಾರಿಯೂ ದುಬಾರಿಯೂ ಆಗಿತ್ತು. ನ್ಯೂಜೆರ್ಸಿಯ ನೇವಿ ಆರ್ಮ್ಸ್ ಕಂಪನಿಯ ಸ್ಥಾಪಕ ವಾಲ್ ಫೋರ್ಜೆಟ್ ಹೊಸ ನಕಲುಗಳನ್ನು ಮಾಡಿಸಲು ಇಟಲಿಯ ಬ್ರೆಷಿಯಾ ಪ್ರಾಂತ್ಯದ ಗಾರ್ಡೋನೆ ವಾಲ್ ಟ್ರೋಂಪಿಯಾ ಪಟ್ಟಣದ ಕುಶಲಕರ್ಮಿಗಳನ್ನು ಆಶ್ರಯಿಸಿದ. ಈ ಕಣಿವೆಯಲ್ಲಿ ಬಂದೂಕು ತಯಾರಿಕೆ ಶತಮಾನಗಳಷ್ಟು ಹಳೆಯ ಕಸುಬು. ಬೆರೆಟ್ಟಾ ಮನೆತನ ವೆನಿಸ್‌ಗೆ ನಳಿಗೆಗಳನ್ನು ಪೂರೈಸಿದ ದಾಖಲೆ 1526ರದ್ದು. ವಿಟ್ಟೋರಿಯೊ ಗ್ರೆಗೊರೆಲ್ಲಿ ಮತ್ತು ಆಲ್ಡೊ ಉಬೆರ್ಟಿ ಅವರ ಸಹಯೋಗದಲ್ಲಿ 1851ರ ನೇವಿ ಮಾದರಿಯ ಮೊದಲ ಪ್ರತಿಕೃತಿಗಳು ಅಲ್ಲಿ ಸಿದ್ಧವಾದವು. ಉಬೆರ್ಟಿಯ ಸಂಸ್ಥೆ 1959ರಲ್ಲಿ ಆರಂಭವಾಯಿತು.

ಇದೇ ಕಾಲದಲ್ಲಿ ಬೆಲ್ಜಿಯಂನ ಲೀಜ್ ನಗರದಲ್ಲಿ 1860ರ ಆರ್ಮಿ ಮಾದರಿಯ ನಕಲು ತಯಾರಾಗತೊಡಗಿತು. ಅಮೆರಿಕದ ಸೆಂಟೆನಿಯಲ್ ಆರ್ಮ್ಸ್ ಕಂಪನಿ ಮಾರಿದ ಈ ರಿವಾಲ್ವರ್‌ಗಳು ಸಂಗ್ರಾಹಕರಲ್ಲಿ 'ಸೆಂಟೋರ್' ಎಂಬ ಹೆಸರಿನಿಂದ ಪರಿಚಿತವಾಗಿವೆ.

1960 ಮತ್ತು 1970ರ ದಶಕಗಳಲ್ಲಿ ಬ್ರೆಷಿಯಾ ಪ್ರಾಂತ್ಯದಲ್ಲಿಯೇ ಪಿಯೆಟ್ಟಾ, ಆರ್ಮಿ ಸಾನ್ ಮಾರ್ಕೊ, ಮುಂದೆ ಯೂರೋಆರ್ಮ್ಸ್ ಎಂಬ ಹೆಸರು ಪಡೆದ ಆರ್ಮಿ ಸಾನ್ ಪಾವ್ಲೊ ಮೊದಲಾದ ಸಂಸ್ಥೆಗಳು ಈ ಉದ್ಯಮಕ್ಕೆ ಬಂದವು. ಸ್ಪೇನ್ ಮತ್ತು ಜರ್ಮನಿಗಳಲ್ಲಿಯೂ ಕೆಲವು ಮಾದರಿಗಳು ತಯಾರಾದವು. ಒಂದೇ ಕಾರ್ಖಾನೆ ಹಲವು ಆಮದುದಾರರಿಗೆ, ಒಬ್ಬನೇ ಆಮದುದಾರ ಹಲವು ಕಾರ್ಖಾನೆಗಳಿಂದ ವ್ಯವಹರಿಸಿದ್ದರಿಂದ ಹೆಸರುಗಳು ಕಲಸಿಹೋದವು. ಮೂಲವನ್ನು ಗುರುತಿಸುವ ಕೆಲಸ ಕ್ಲಿಷ್ಟವಾಗಲು ಇದೇ ಮುಖ್ಯ ಕಾರಣ.

## ಪರಿಶೀಲನೆಗೆ ಮೊದಲು

ಯಾವುದೇ ಮುದ್ರೆಯನ್ನು ಹುಡುಕುವ ಮೊದಲು ರಿವಾಲ್ವರ್ ಖಾಲಿಯಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕೇಪಿನ ರಿವಾಲ್ವರ್‌ನಲ್ಲಿ ಹಿಂದಿನಿಂದ ನೋಡಿದರೆ ತೋಟಾ ಕಾಣುವಂತಿಲ್ಲ. ಮದ್ದು ಮತ್ತು ಗುಂಡು ಸಿಲಿಂಡರಿನ ಒಳಗೆ ಅಡಗಿರುತ್ತವೆ. ಒಣಗಿದ ಕಪ್ಪು ಮದ್ದು ದಶಕಗಳ ನಂತರವೂ ಸಿಡಿಯಬಲ್ಲದು. ಹಳೆಯ ಪೆಟ್ಟಿಗೆಗಳಲ್ಲಿ ದೊರೆತ ಇಂತಹ ಆಯುಧಗಳು ತುಂಬಿದ ಸ್ಥಿತಿಯಲ್ಲಿಯೇ ಇರುವ ಸಾಧ್ಯತೆಯುಂಟು. ನಿಪ್ಪಲ್‌ಗಳ ಮೇಲೆ ಕೇಪು ಇಲ್ಲದಿರುವುದೊಂದೇ ಸಾಕ್ಷಿಯಾಗದು. ಪ್ರತಿಯೊಂದು ಕೋಣೆಯ ಆಳವನ್ನೂ ಮುಂಭಾಗದಿಂದ ಪರೀಕ್ಷಿಸಬೇಕು. ಅನುಭವವಿಲ್ಲದವರು ಈ ಕೆಲಸವನ್ನು ಆಯುಧ ತಜ್ಞರಿಗೆ ಬಿಡುವುದು ಸೂಕ್ತ.

ಮುದ್ರೆಗಳು ಇರುವ ಸಾಮಾನ್ಯ ಸ್ಥಳಗಳೆಂದರೆ ನಳಿಗೆಯ ಮೇಲ್ಭಾಗ ಮತ್ತು ಪಕ್ಕಗಳು, ಲೋಡಿಂಗ್ ಲಿವರ್ ಕೆಳಗಿಳಿಸಿದಾಗ ಕಾಣುವ ನಳಿಗೆಯ ತಳ, ಫ್ರೇಮಿನ ಎರಡು ಬದಿಗಳು, ಸಿಲಿಂಡರ್, ಟ್ರಿಗರ್ ರಕ್ಷೆಯ ಮುಂದಿನ ಭಾಗ ಹಾಗೂ ಹಿಡಿಯ ತಳ. ಓರೆಯಾಗಿ ಬೀಳುವ ಬೆಳಕು ಮತ್ತು ಭೂತಗನ್ನಡಿ ಇದ್ದರೆ ಸವೆದ ಅಕ್ಷರಗಳನ್ನೂ ಓದಬಹುದು. ಲೋಹವನ್ನು ಉಜ್ಜಿ ಹೊಳಪು ಮಾಡಿದರೆ ಮುದ್ರೆಗಳ ಅಂಚು ಅಳಿದು ಸಾಕ್ಷ್ಯವೇ ನಾಶವಾಗುತ್ತದೆ.

## ಪರೀಕ್ಷಾ ಮುದ್ರೆಗಳು

ಯುರೋಪಿನ ಅನೇಕ ದೇಶಗಳಲ್ಲಿ ಬಂದೂಕನ್ನು ಮಾರುವ ಮೊದಲು ಅಧಿಕೃತ ಪರೀಕ್ಷಾಲಯದಲ್ಲಿ ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ಮದ್ದಿನಿಂದ ಹಾರಿಸಿ ನೋಡುವುದು ಕಡ್ಡಾಯ. ಪರೀಕ್ಷೆಯಲ್ಲಿ ತೇರ್ಗಡೆಯಾದ ಆಯುಧದ ಮೇಲೆ ಒತ್ತುವ ಗುರುತೇ ಪರೀಕ್ಷಾ ಮುದ್ರೆ. ಅಮೆರಿಕದಲ್ಲಿ ಇಂತಹ ಕಡ್ಡಾಯ ರಾಷ್ಟ್ರೀಯ ಪರೀಕ್ಷಾಲಯದ ವ್ಯವಸ್ಥೆ ಇಲ್ಲ. ಆದುದರಿಂದ ಅಮೆರಿಕದಲ್ಲಿಯೇ ತಯಾರಾಗಿ ಅಲ್ಲಿಯೇ ಉಳಿದ ಮೂಲ ಕೋಲ್ಟ್ ಅಥವಾ ರೆಮಿಂಗ್‌ಟನ್ ಮೇಲೆ ಯುರೋಪಿನ ಪರೀಕ್ಷಾ ಮುದ್ರೆ ಇರುವುದಿಲ್ಲ. ಕೋಲ್ಟ್ 1853ರಿಂದ 1856ರವರೆಗೆ ಲಂಡನ್ನಿನಲ್ಲಿ ನಡೆಸಿದ ಕಾರ್ಖಾನೆಯ ರಿವಾಲ್ವರ್‌ಗಳ ಮೇಲೂ, ಬ್ರಿಟನ್ನಿನಲ್ಲಿ ಮಾರಾಟಕ್ಕೆ ಹೋದವುಗಳ ಮೇಲೂ ಬ್ರಿಟಿಷ್ ಮುದ್ರೆಗಳಿರುವುದು ಇದಕ್ಕೆ ಅಪವಾದ.

### ಇಟಲಿ

ಇಟಲಿಯ ಪ್ರತಿಕೃತಿಗಳ ಮೇಲಿನ ಮುಖ್ಯ ಗುರುತು ನಕ್ಷತ್ರದ ಕೆಳಗೆ 'ಪಿ.ಎನ್.' ಎಂಬ ಅಕ್ಷರಗಳು. ಇದು ಇಟಾಲಿಯನ್ ಭಾಷೆಯಲ್ಲಿ ಕಪ್ಪು ಮದ್ದು ಎಂಬ ಅರ್ಥದ 'ಪೊಲ್ವೆರೆ ನೇರಾ' ಎಂಬುದರ ಸಂಕ್ಷೇಪ. ಆಯುಧ ಕಪ್ಪು ಮದ್ದಿನಿಂದ ಮಾತ್ರ ಪರೀಕ್ಷಿತವಾಗಿದೆ ಎಂದು ಇದರ ಅರ್ಥ. ಹೊಗೆರಹಿತ ಮದ್ದಿನಿಂದ ಪರೀಕ್ಷಿಸಿದ ಆಯುಧಗಳ ಮೇಲೆ 'ಪಿ.ಎಸ್.ಎಫ್.' ಎಂಬ ಮುದ್ರೆ ಇರುತ್ತದೆ. ಇವುಗಳ ಜೊತೆಗೆ ಗಾರ್ಡೋನೆ ಪರೀಕ್ಷಾಲಯದ ಲಾಂಛನವೂ ಇರುತ್ತದೆ. 'ಪಿ.ಎನ್.' ಮುದ್ರೆ ಕಂಡ ರಿವಾಲ್ವರ್ ಇಟಲಿಯಲ್ಲಿ ಪರೀಕ್ಷೆಗೆ ಒಳಪಟ್ಟದ್ದು ಎಂದು ನಿರ್ಧರಿಸಬಹುದು, ನಳಿಗೆಯ ಮೇಲೆ ಯಾವ ಅಮೆರಿಕನ್ ವಿಳಾಸವಿದ್ದರೂ ಸರಿ.

### ಬೆಲ್ಜಿಯಂ

ಲೀಜ್ ಪರೀಕ್ಷಾಲಯದ ಗುರುತು ಅಂಡಾಕಾರದ ಚೌಕಟ್ಟಿನೊಳಗಿನ 'ಇ.ಎಲ್.ಜಿ.' ಎಂಬ ಅಕ್ಷರಗಳು. 1893ರಿಂದ ಈ ಅಂಡಾಕಾರದ ಮೇಲೆ ಕಿರೀಟವನ್ನು ಸೇರಿಸಲಾಯಿತು. ಈ ಚಿಕ್ಕ ವ್ಯತ್ಯಾಸ ಬಹಳ ಉಪಯುಕ್ತ. 19ನೆಯ ಶತಮಾನದ ಮಧ್ಯಭಾಗದಲ್ಲಿ ಲೀಜ್‌ನಲ್ಲಿ 'ಕೋಲ್ಟ್ ಬ್ರೆವೆಟೆ' ಎಂಬ ಮುದ್ರೆಯ ನಕಲುಗಳು ತಯಾರಾಗಿದ್ದವು. ಅವು ಆ ಕಾಲದವೇ ಆದ ಪ್ರಾಚೀನ ಆಯುಧಗಳು. ಕಿರೀಟವಿಲ್ಲದ ಮುದ್ರೆ ಅಂತಹ ಹಳೆಯ ನಕಲನ್ನೂ, ಕಿರೀಟವಿರುವ ಮುದ್ರೆ 1893ರ ನಂತರದ ಪರೀಕ್ಷೆಯನ್ನೂ ಸೂಚಿಸುತ್ತದೆ. ಸೆಂಟೋರ್ ಎರಡನೆಯ ಗುಂಪಿಗೆ ಸೇರುತ್ತದೆ.

### ಜರ್ಮನಿ ಮತ್ತು ಸ್ಪೇನ್

ಜರ್ಮನಿಯ ಮುದ್ರೆಗಳಲ್ಲಿ ಹದ್ದಿನ ಚಿತ್ರದ ಜೊತೆಗೆ ಪರೀಕ್ಷಾಲಯದ ಲಾಂಛನವಿರುತ್ತದೆ. ಉಲ್ಮ್ ಪರೀಕ್ಷಾಲಯದ್ದು ಜಿಂಕೆಯ ಕೊಂಬು. ಫೈನ್‌ವೆರ್ಕ್‌ಬೌ ಕಂಪನಿ ತಯಾರಿಸಿದ ರೋಜರ್ಸ್ ಅಂಡ್ ಸ್ಪೆನ್ಸರ್ ಪ್ರತಿಕೃತಿ ಜರ್ಮನಿಯ ಪ್ರಸಿದ್ಧ ಉದಾಹರಣೆ. ಸ್ಪೇನ್‌ನ ಆಯುಧಗಳು ಬಾಸ್ಕ್ ಪ್ರದೇಶದ ಐಬರ್ ಪಟ್ಟಣದ ಪರೀಕ್ಷಾಲಯದ ಮುದ್ರೆ ಹೊಂದಿರುತ್ತವೆ.

## ವರ್ಷದ ಸಂಕೇತ

ಇಟಲಿಯ ಪರೀಕ್ಷಾಲಯ ಪರೀಕ್ಷೆಯ ವರ್ಷವನ್ನು ಚಿಕ್ಕ ಆಯತದೊಳಗೆ ಸಂಕೇತರೂಪದಲ್ಲಿ ಒತ್ತುತ್ತದೆ. ಮೊದಲಿಗೆ ರೋಮನ್ ಅಂಕಿಗಳು ಬಳಕೆಯಲ್ಲಿದ್ದವು. ಆ ಅಂಕಿಗೆ 1944 ಸೇರಿಸಿದರೆ ವರ್ಷ ದೊರೆಯುತ್ತದೆ: ರೋಮನ್ 15 ಎಂದರೆ 1959, ರೋಮನ್ 20 ಎಂದರೆ 1964, ರೋಮನ್ 26 ಎಂದರೆ 1970. ಮುಂದಿನ ಮೂರು ವರ್ಷಗಳಲ್ಲಿ ಉದ್ದವನ್ನು ಕಡಿಮೆ ಮಾಡಲು ಎರಡು 'ಎಕ್ಸ್' ಅಕ್ಷರಗಳ ಮುಂದೆ ಸಾಮಾನ್ಯ ಅಂಕಿಯನ್ನು ಸೇರಿಸಲಾಯಿತು. 1975ರಿಂದ ಎರಡು ಅಕ್ಷರಗಳ ಪದ್ಧತಿ ಬಂದಿತು.

| ಸಂಕೇತ | ವರ್ಷ |
|---|---|
| ಎಕ್ಸ್ ಎಕ್ಸ್ 7, ಎಕ್ಸ್ ಎಕ್ಸ್ 8, ಎಕ್ಸ್ ಎಕ್ಸ್ 9 | 1971, 1972, 1973 |
| ಎಕ್ಸ್ ಎಕ್ಸ್ ಎಕ್ಸ್ | 1974 |
| ಎಎ, ಎಬಿ, ಎಸಿ, ಎಡಿ, ಎಇ, ಎಎಫ್ | 1975, 1976, 1977, 1978, 1979, 1980 |
| ಎಎಚ್, ಎಐ, ಎಎಲ್, ಎಎಂ, ಎಎನ್ | 1981, 1982, 1983, 1984, 1985 |
| ಎಪಿ, ಎಎಸ್, ಎಟಿ, ಎಯು, ಎಝಡ್ | 1986, 1987, 1988, 1989, 1990 |
| ಬಿಎ, ಬಿಬಿ, ಬಿಸಿ, ಬಿಡಿ, ಬಿಎಫ್ | 1991, 1992, 1993, 1994, 1995 |
| ಬಿಎಚ್, ಬಿಐ, ಬಿಎಲ್, ಬಿಎಂ, ಬಿಎನ್ | 1996, 1997, 1998, 1999, 2000 |
| ಬಿಪಿ, ಬಿಎಸ್, ಬಿಟಿ, ಬಿಯು, ಬಿಝಡ್ | 2001, 2002, 2003, 2004, 2005 |
| ಸಿಎ | 2006 |
| ಸಿಝಡ್ | 2020 |

'ಸಿ' ಸರಣಿಯೂ 'ಬಿ' ಸರಣಿಯ ಕ್ರಮದಲ್ಲಿಯೇ 2006ರಿಂದ 2020ರವರೆಗೆ ಸಾಗುತ್ತದೆ. ಸರಣಿಯಲ್ಲಿ ಕೆಲವು ಅಕ್ಷರಗಳನ್ನು ಬಿಡಲಾಗಿದೆ: 'ಜಿ', 'ಒ', 'ಕ್ಯು', 'ಆರ್', 'ವಿ' ಎಲ್ಲಿಯೂ ಇಲ್ಲ, 'ಇ' ಅಕ್ಷರ ಮೊದಲ ಸರಣಿಯಲ್ಲಿ ಮಾತ್ರ ಇದೆ. ಆದುದರಿಂದ ಅಕ್ಷರಮಾಲೆಯ ಕ್ರಮದಲ್ಲಿ ಎಣಿಸಿ ವರ್ಷವನ್ನು ಊಹಿಸಿದರೆ ಲೆಕ್ಕ ತಪ್ಪುತ್ತದೆ. ಸವೆದ ಮುದ್ರೆಯಲ್ಲಿ 'ಎಐ' ಮತ್ತು 'ಎಎಲ್' ಒಂದೇ ರೀತಿ ಕಾಣುವುದೂ ಉಂಟು.

ಜರ್ಮನಿಯಲ್ಲಿ ವರ್ಷದ ಕೊನೆಯ ಎರಡು ಅಂಕಿಗಳನ್ನು ನೇರವಾಗಿಯೋ ಅಕ್ಷರರೂಪದಲ್ಲಿಯೋ ಒತ್ತಲಾಗುತ್ತದೆ. ಅಕ್ಷರಪದ್ಧತಿಯಲ್ಲಿ 'ಎ' ಎಂದರೆ 0, 'ಬಿ' ಎಂದರೆ 1, ಹೀಗೆ ಮುಂದುವರಿದು 'ಐ' ಎಂದರೆ 8, 'ಕೆ' ಎಂದರೆ 9. ನಡುವಿನ 'ಜೆ' ಬಿಟ್ಟುಹೋಗಿದೆ. ಅದರಂತೆ 'ಐಬಿ' ಎಂದರೆ 1981.

ಸಂಕೇತ ಸೂಚಿಸುವುದು ಪರೀಕ್ಷೆಯ ವರ್ಷವನ್ನು ಮಾತ್ರ. ಆಯುಧ ಮಾರಾಟವಾದ ವರ್ಷ ಬೇರೆಯಾಗಿರಬಹುದು. ನಳಿಗೆ ಮತ್ತು ಸಿಲಿಂಡರುಗಳ ಮೇಲೆ ಬೇರೆ ಬೇರೆ ವರ್ಷಗಳ ಸಂಕೇತವಿದ್ದರೆ ಯಾವುದೋ ಭಾಗ ಬದಲಾಗಿದೆ ಎಂದು ಶಂಕಿಸಬೇಕಾಗುತ್ತದೆ.

## ತಯಾರಕರ ಲಾಂಛನಗಳು

ಪರೀಕ್ಷಾ ಮುದ್ರೆಯಿಂದ ದೇಶ ತಿಳಿದರೆ, ಲಾಂಛನದಿಂದ ಕಾರ್ಖಾನೆ ತಿಳಿಯುತ್ತದೆ. ಸಾಮಾನ್ಯವಾಗಿ ಕಾಣುವ ಇಟಲಿಯ ಲಾಂಛನಗಳು ಇವು:

* ಜಿ.ಯು.: ಗ್ರೆಗೊರೆಲ್ಲಿ ಮತ್ತು ಉಬೆರ್ಟಿ. ಆರಂಭದ ವರ್ಷಗಳ ಪ್ರತಿಕೃತಿಗಳ ಮೇಲೆ ಕಂಡುಬರುತ್ತದೆ.
* ಎ.ಯು.: ಆಲ್ಡೊ ಉಬೆರ್ಟಿ. ಅನೇಕ ಬಾರಿ ಲೋಡಿಂಗ್ ಲಿವರ್‌ನಿಂದ ಮರೆಯಾಗುವ ನಳಿಗೆಯ ತಳದಲ್ಲಿರುತ್ತದೆ.
* ಎಫ್.ಎ.ಪಿ.: ಪಿಯೆಟ್ಟಾ. ವಜ್ರಾಕೃತಿಯ ಚೌಕಟ್ಟಿನೊಳಗೆ ಇರುತ್ತದೆ. ಇತ್ತೀಚಿನ ತಯಾರಿಕೆಗಳ ಮೇಲೆ ಸಂಸ್ಥೆಯ ಪೂರ್ಣ ಹೆಸರೇ ಇರುತ್ತದೆ.
* ಎ.ಎಸ್.ಎಂ.: ಆರ್ಮಿ ಸಾನ್ ಮಾರ್ಕೊ. ಈ ಸಂಸ್ಥೆ ಈಗ ಅಸ್ತಿತ್ವದಲ್ಲಿಲ್ಲ.

ಇವುಗಳಲ್ಲಿ ಉಬೆರ್ಟಿ ಮುಂದೆ ಬೆರೆಟ್ಟಾ ಸಮೂಹದ ಭಾಗವಾಯಿತು. ತಯಾರಿಕೆ ನಿಲ್ಲಿಸಿದ ಸಂಸ್ಥೆಗಳ ರಿವಾಲ್ವರ್‌ಗಳಿಗೆ ಬಿಡಿಭಾಗ ದೊರೆಯುವುದು ಕಷ್ಟ. ಒಂದೇ ಮಾದರಿಯ ಪ್ರತಿಕೃತಿಗಳಾದರೂ ಪಿಯೆಟ್ಟಾದ ಭಾಗ ಉಬೆರ್ಟಿಗೆ ಹೊಂದುವುದೆಂಬ ಖಾತರಿಯಿಲ್ಲ. ಮುರಿದ ಸ್ಪ್ರಿಂಗ್ ಅಥವಾ ಸವೆದ ನಿಪ್ಪಲ್ ಬದಲಾಯಿಸಬೇಕಾದವರಿಗೂ ತಯಾರಕರ ಹೆಸರು ಬೇಕಾಗುವುದು ಈ ಕಾರಣದಿಂದ.

## ಆಮದುದಾರರ ಹೆಸರುಗಳು

ನೇವಿ ಆರ್ಮ್ಸ್, ಸೆಂಟೆನಿಯಲ್ ಆರ್ಮ್ಸ್, ರೆಪ್ಲಿಕಾ ಆರ್ಮ್ಸ್, ಡಿಕ್ಸಿ ಗನ್ ವರ್ಕ್ಸ್, ಕನೆಕ್ಟಿಕಟ್ ವ್ಯಾಲಿ ಆರ್ಮ್ಸ್, ಟ್ರೆಡಿಷನ್ಸ್, ಸಿಮರಾನ್ ಮೊದಲಾದವು ಅಮೆರಿಕದ ಮಾರಾಟ ಸಂಸ್ಥೆಗಳು. ಇವುಗಳ ಹೆಸರು ಮತ್ತು ಊರು ನಳಿಗೆಯ ಮೇಲೆ ದೊಡ್ಡದಾಗಿ ಮುದ್ರಿತವಾಗಿರುವುದರಿಂದ, ಆಯುಧ ಅಮೆರಿಕದಲ್ಲಿಯೇ ತಯಾರಾಯಿತೆಂಬ ತಪ್ಪು ತಿಳಿವಳಿಕೆ ಸಾಮಾನ್ಯ.

ಆದರೆ ಈ ಹೆಸರುಗಳು ನಿರುಪಯುಕ್ತವಲ್ಲ. ಸಂಸ್ಥೆ ಯಾವ ಕಾಲದಲ್ಲಿ, ಯಾವ ಊರಿನಿಂದ ವ್ಯವಹರಿಸಿತು ಎಂಬುದು ತಿಳಿದಿದ್ದರೆ ವರ್ಷದ ಸಂಕೇತ ಅಳಿಸಿಹೋದ ಆಯುಧದ ಕಾಲವನ್ನು ಅಂದಾಜು ಮಾಡಬಹುದು. ಅಮೆರಿಕಕ್ಕೆ ಆಮದಾಗುವ ಸರಕಿನ ಮೇಲೆ ಮೂಲ ದೇಶದ ಹೆಸರು ಇರಬೇಕೆಂಬ ನಿಯಮ 1890ರ ಸುಂಕ ಕಾಯಿದೆಯಿಂದ ಬಂದದ್ದು. ಆದುದರಿಂದ 'ಇಟಲಿ' ಅಥವಾ 'ಮೇಡ್ ಇನ್ ಇಟಲಿ' ಎಂಬ ಬರಹವಿರುವ ರಿವಾಲ್ವರ್ ಅಂತರ್ಯುದ್ಧದ ಕಾಲದ್ದಾಗಿರಲು ಸಾಧ್ಯವಿಲ್ಲ. 'ಬ್ಲ್ಯಾಕ್ ಪೌಡರ್ ಓನ್ಲಿ' ಎಂಬ ಎಚ್ಚರಿಕೆಯೂ ಆಧುನಿಕತೆಯ ಗುರುತು. ಬೇರೆ ಮದ್ದೇ ಇಲ್ಲದಿದ್ದ ಕಾಲದಲ್ಲಿ ಅಂತಹ ಎಚ್ಚರಿಕೆಯ ಅಗತ್ಯವಿರಲಿಲ್ಲ.

### ಗುರುತಿಸುವಿಕೆಯ ಒಂದು ಉದಾಹರಣೆ

ಒಂದು ರಿವಾಲ್ವರ್‌ನ ನಳಿಗೆಯ ಮೇಲೆ ನೇವಿ ಆರ್ಮ್ಸ್ ಮತ್ತು ನ್ಯೂಜೆರ್ಸಿಯ ವಿಳಾಸವಿದೆ ಎಂದುಕೊಳ್ಳೋಣ. ಫ್ರೇಮಿನ ಮೇಲೆ ನಕ್ಷತ್ರದ ಕೆಳಗೆ 'ಪಿ.ಎನ್.', ಅದರ ಪಕ್ಕದ ಆಯತದಲ್ಲಿ 'ಎಎಚ್', ನಳಿಗೆಯ ಮೇಲೆ ವಜ್ರಾಕೃತಿಯೊಳಗೆ 'ಎಫ್.ಎ.ಪಿ.' ಇದೆ. ಇವುಗಳಿಂದ ಸಿಗುವ ತೀರ್ಮಾನ: ಇದು ಇಟಲಿಯ ಪಿಯೆಟ್ಟಾ ತಯಾರಿಸಿ, 1981ರಲ್ಲಿ ಪರೀಕ್ಷೆಗೊಳಗಾಗಿ, ಅಮೆರಿಕದ ನೇವಿ ಆರ್ಮ್ಸ್ ಮೂಲಕ ಮಾರಾಟವಾದ ಪ್ರತಿಕೃತಿ. ದೊಡ್ಡ ಅಕ್ಷರಗಳು ತಿಳಿಸಿದ್ದು ಮಾರಾಟಗಾರರನ್ನು ಮಾತ್ರ. ದೇಶ, ವರ್ಷ, ಕಾರ್ಖಾನೆಗಳನ್ನು ತಿಳಿಸಿದ್ದು ಮೂರು ಚಿಕ್ಕ ಮುದ್ರೆಗಳು.

## ರಚನೆಯ ಲಕ್ಷಣಗಳು

ಮುದ್ರೆಗಳು ಅಳಿದುಹೋಗಿದ್ದಾಗ ರಚನೆಯೇ ಸಾಕ್ಷಿ.

ಇತಿಹಾಸದಲ್ಲಿ ಇಲ್ಲದ ಜೋಡಣೆಗಳು: ಮಾರುಕಟ್ಟೆಯ ಬೇಡಿಕೆಗಾಗಿ ತಯಾರಕರು ಹಿಂದೆಂದೂ ಇರದಿದ್ದ ಮಾದರಿಗಳನ್ನು ಸೃಷ್ಟಿಸಿದ್ದಾರೆ. ಕೋಲ್ಟ್ ಕಂಪನಿಯ 1851ರ ನೇವಿ 0.36 ಕ್ಯಾಲಿಬರಿನದು, ಹಿತ್ತಾಳೆಯ ಫ್ರೇಮಿನ 0.44 ಕ್ಯಾಲಿಬರಿನ 'ನೇವಿ' ಆಧುನಿಕ ಕಲ್ಪನೆ. ರೆಮಿಂಗ್‌ಟನ್ ನ್ಯೂ ಮಾಡೆಲ್ ಆರ್ಮಿಯ ಟ್ರಿಗರ್ ರಕ್ಷೆ ಹಿತ್ತಾಳೆಯದಾದರೂ ಫ್ರೇಮ್ ಹಿತ್ತಾಳೆಯದಾಗಿರಲಿಲ್ಲ. ಇಂತಹ ಜೋಡಣೆ ಕಂಡರೆ ಬೇರೆ ಪರೀಕ್ಷೆಯಿಲ್ಲದೆಯೇ ಪ್ರತಿಕೃತಿಯೆಂದು ಹೇಳಬಹುದು.

ಸಿಲಿಂಡರಿನ ಚಿತ್ರ: ಕೋಲ್ಟ್ 1851 ಮತ್ತು 1860ರ ಮಾದರಿಗಳ ಸಿಲಿಂಡರ್ ಮೇಲೆ 1843ರ ಮೇ 16ರಂದು ಟೆಕ್ಸಾಸ್ ಮತ್ತು ಮೆಕ್ಸಿಕೊ ನೌಕಾಪಡೆಗಳ ನಡುವೆ ನಡೆದ ಕಾಳಗದ ಚಿತ್ರವಿದೆ. ಇದನ್ನು ರೂಪಿಸಿದವನು ನ್ಯೂಯಾರ್ಕಿನ ಕೆತ್ತನೆಗಾರ ಆರ್ಮ್ಸ್‌ಬಿ. ಗ್ರಿಸ್‌ವೋಲ್ಡ್ ರಿವಾಲ್ವರಿನ ಮೂಲ ಸಿಲಿಂಡರ್ ಬರಿದು. ಹಿತ್ತಾಳೆಯ ಫ್ರೇಮಿನ 'ದಕ್ಷಿಣದ' ರಿವಾಲ್ವರ್‌ನ ಮೇಲೆ ನೌಕಾಕಾಳಗದ ಚಿತ್ರವಿದ್ದರೆ ಅದು ನಂತರದ ಕಾಲದ ಬೆರಕೆ.

ಕ್ರಮಸಂಖ್ಯೆ: ಮೂಲ ಕೋಲ್ಟ್‌ನಲ್ಲಿ ಒಂದೇ ಕ್ರಮಸಂಖ್ಯೆ ನಳಿಗೆ, ಫ್ರೇಮ್, ಟ್ರಿಗರ್ ರಕ್ಷೆ, ಹಿಡಿಯ ಪಟ್ಟಿ, ಸಿಲಿಂಡರ್, ಬೆಣೆ ಮುಂತಾದ ಅನೇಕ ಭಾಗಗಳ ಮೇಲೆ ಪುನರಾವರ್ತನೆಯಾಗುತ್ತದೆ. ಪ್ರತಿಕೃತಿಯಲ್ಲಿ ಸಾಮಾನ್ಯವಾಗಿ ಒಂದೆರಡು ಕಡೆ ಮಾತ್ರ ಇರುತ್ತದೆ.

ಸ್ಕ್ರೂ ಮತ್ತು ನಳಿಗೆ: ಯುರೋಪಿನ ಪ್ರತಿಕೃತಿಗಳ ಸ್ಕ್ರೂ ಮತ್ತು ನಿಪ್ಪಲ್‌ಗಳ ಮರೆಗಳು ಸಾಮಾನ್ಯವಾಗಿ ಮೆಟ್ರಿಕ್ ಅಳತೆಯವು. ಮೂಲ ಕೋಲ್ಟ್ ನಳಿಗೆಯ ಒಳಗಿನ ಸುರುಳಿ ತೋಡುಗಳ ತಿರುವು ತುದಿಯ ಕಡೆಗೆ ಹೆಚ್ಚುತ್ತಾ ಹೋಗುತ್ತದೆ. ಬಹುತೇಕ ಪ್ರತಿಕೃತಿಗಳಲ್ಲಿ ತಿರುವು ಆದ್ಯಂತ ಒಂದೇ ಸಮನಾಗಿರುತ್ತದೆ.

## ವಂಚನೆ ಮತ್ತು ಅಳಿಸಿದ ಮುದ್ರೆಗಳು

ಅಂತರ್ಯುದ್ಧದ ಕಾಳಗಗಳನ್ನು ಮರು ಅಭಿನಯಿಸುವ ಹವ್ಯಾಸಿಗಳಲ್ಲಿ ಪ್ರತಿಕೃತಿಯ ಮೇಲಿನ ಆಧುನಿಕ ಬರಹಗಳನ್ನು ತೆಗೆದು, ಹಳೆಯ ಕಾಲದ ಮುದ್ರೆಗಳನ್ನು ಒತ್ತಿಸುವ ರೂಢಿಯುಂಟು. ಇದರ ಉದ್ದೇಶ ವೇಷದ ನೈಜತೆಯೇ ಹೊರತು ಮೋಸವಲ್ಲ. ಆದರೆ ಅಂತಹ ಆಯುಧ ಕೈಯಿಂದ ಕೈಗೆ ದಾಟಿದಂತೆ ಅದರ ಹಿನ್ನೆಲೆ ಮರೆತುಹೋಗುತ್ತದೆ. ಮೊದಲ ಒಡೆಯನ ಪ್ರಾಮಾಣಿಕ ಹವ್ಯಾಸವು ಮೂರನೆಯ ಒಡೆಯನ ಪಾಲಿಗೆ ನಷ್ಟವಾಗಬಹುದು.

ಉದ್ದೇಶಪೂರ್ವಕ ವಂಚನೆಗೆ ಪ್ರೇರಣೆ ಬೆಲೆಯ ಅಂತರ. ಒಂದು ಮೂಲ ವಾಕರ್ ರಿವಾಲ್ವರ್ 2018ರಲ್ಲಿ ಅಮೆರಿಕದ ಹರಾಜಿನಲ್ಲಿ 18,40,000 ಡಾಲರಿಗೆ ಮಾರಾಟವಾಯಿತು. ಅದೇ ಮಾದರಿಯ ಇಟಲಿಯ ಪ್ರತಿಕೃತಿಯ ಬೆಲೆ ಕೆಲವು ನೂರು ಡಾಲರುಗಳಷ್ಟೆ. ತುಕ್ಕು ಹಿಡಿಸಿ, ಮುದ್ರೆ ಬದಲಿಸಿ ಮಾಡಿದ ಕೃತಕ ಪ್ರಾಚೀನತೆಯನ್ನು ಪತ್ತೆಹಚ್ಚಲು ತಜ್ಞರು ಕೆಳಗಿನ ಅಂಶಗಳನ್ನು ನೋಡುತ್ತಾರೆ:

* ಮುದ್ರೆಯ ಅಂಚು ಮತ್ತು ಸುತ್ತಲಿನ ಲೋಹದ ಸವೆತ ಒಂದಕ್ಕೊಂದು ಹೊಂದುತ್ತವೆಯೇ. ಸವೆದ ಲೋಹದ ಮೇಲೆ ಚೂಪಾದ ಅಂಚಿನ ಅಕ್ಷರಗಳಿದ್ದರೆ ಅವು ಅನಂತರ ಒತ್ತಿದವು.
* ಫ್ರೇಮಿನ ಯಾವುದಾದರೂ ಭಾಗ ತಗ್ಗಾಗಿದೆಯೇ. ಮುದ್ರೆಯನ್ನು ಅರದಿಂದ ಉಜ್ಜಿ ತೆಗೆದಲ್ಲಿ ಮೇಲ್ಮೈ ಸಮತಟ್ಟಾಗಿ ಉಳಿಯುವುದಿಲ್ಲ.
* ಕೈ ತಾಗುವ ಜಾಗಗಳಲ್ಲಿ ಸವೆತ ಹೆಚ್ಚಾಗಿಯೂ ಒಳಭಾಗಗಳಲ್ಲಿ ಕಡಿಮೆಯಾಗಿಯೂ ಇದೆಯೇ. ರಾಸಾಯನಿಕದಿಂದ ಬರಿಸಿದ ತುಕ್ಕು ಎಲ್ಲೆಡೆ ಒಂದೇ ಸಮನಾಗಿರುತ್ತದೆ.
* ಲೋಡಿಂಗ್ ಲಿವರ್‌ನ ಕೆಳಗೆ, ಹಿಡಿಯ ಒಳಗೆ, ಸಿಲಿಂಡರಿನ ಹಿಂಬದಿಯಲ್ಲಿ ಆಧುನಿಕ ಮುದ್ರೆಯ ಶೇಷ ಉಳಿದಿದೆಯೇ.

## ವಿಶೇಷ ಪ್ರಕರಣಗಳು

ಕೋಲ್ಟ್ ಕಂಪನಿಯೇ 1971ರಲ್ಲಿ 1851ರ ನೇವಿ ಮಾದರಿಯನ್ನು ಮತ್ತೆ ಮಾರುಕಟ್ಟೆಗೆ ತಂದಿತು. 'ಎರಡನೆಯ ತಲೆಮಾರು' ಎಂದು ಕರೆಯಲ್ಪಡುವ ಈ ಸರಣಿ 1980ರ ದಶಕದ ಆರಂಭದವರೆಗೆ ನಡೆಯಿತು. ಇದರ ಒರಟು ಭಾಗಗಳು ಇಟಲಿಯಿಂದ ಬಂದು ಅಮೆರಿಕದಲ್ಲಿ ಅಂತಿಮ ರೂಪ ಪಡೆದವು. 1994ರಿಂದ 2002ರವರೆಗೆ ಕೋಲ್ಟ್ ಹೆಸರಿನ ಪರವಾನಗಿ ಪಡೆದ ಬ್ರೂಕ್ಲಿನ್‌ನ ಸಂಸ್ಥೆಯೊಂದು 'ಸಿಗ್ನೇಚರ್' ಸರಣಿಯನ್ನು ಹೊರತಂದಿತು. ಇವುಗಳ ಹಿಡಿಯ ಪಟ್ಟಿಯ ಮೇಲೆ ಸ್ಯಾಮ್ಯುಯೆಲ್ ಕೋಲ್ಟ್‌ನ ಸಹಿಯ ಅಚ್ಚಿದೆ. ಇಂತಹ ಆಯುಧಗಳನ್ನು ಪ್ರತಿಕೃತಿ ಎನ್ನಬೇಕೇ, ಮುಂದುವರಿದ ತಯಾರಿಕೆ ಎನ್ನಬೇಕೇ ಎಂಬ ವಿಷಯದಲ್ಲಿ ಸಂಗ್ರಾಹಕರಲ್ಲಿ ಒಮ್ಮತವಿಲ್ಲ. ಆದರೆ ಕೋಲ್ಟ್ ಹೆಸರಿದ್ದ ಮಾತ್ರಕ್ಕೆ ಅವು 19ನೆಯ ಶತಮಾನದವಾಗುವುದಿಲ್ಲ.

ಅಮೆರಿಕದ ರೂಗರ್ ಕಂಪನಿ 1972ರಿಂದ 2008ರವರೆಗೆ ತಯಾರಿಸಿದ 'ಓಲ್ಡ್ ಆರ್ಮಿ' ಕೂಡ ಕೇಪಿನ ರಿವಾಲ್ವರ್. ಇದು ಯಾವ ಹಳೆಯ ಮಾದರಿಯ ನಕಲೂ ಅಲ್ಲದ ಸ್ವತಂತ್ರ ವಿನ್ಯಾಸವಾದ್ದರಿಂದ ಪ್ರತಿಕೃತಿಗಳ ವರ್ಗಕ್ಕೆ ಸೇರುವುದಿಲ್ಲ.

## ಸುರಕ್ಷತೆ

ಹೊಗೆರಹಿತ ಮದ್ದು ಕಪ್ಪು ಮದ್ದಿಗಿಂತ ಬಹಳ ಹೆಚ್ಚಿನ ಒತ್ತಡವನ್ನು ಉಂಟುಮಾಡುತ್ತದೆ. 'ಪಿ.ಎನ್.' ಮುದ್ರೆಯ ರಿವಾಲ್ವರ್‌ಗೆ ಅದನ್ನು ತುಂಬಿದರೆ ಸಿಲಿಂಡರ್ ಒಡೆದು ಪ್ರಾಣಾಪಾಯವಾಗಬಹುದು. ಇನ್ನೊಂದೆಡೆ, ಮೂಲ ಆಯುಧವನ್ನು ಪ್ರತಿಕೃತಿಯೆಂದು ಭಾವಿಸಿ ಹಾರಿಸುವುದೂ ಅಪಾಯವೇ. ಒಂದೂವರೆ ಶತಮಾನದಷ್ಟು ಹಳೆಯ ಲೋಹದ ಬಲವನ್ನು ಹೊರಗಿನಿಂದ ಅಳೆಯಲಾಗದು, ಐತಿಹಾಸಿಕ ವಸ್ತುವೊಂದು ಹಾಳಾಗುವ ಸಂಭವವೂ ಇದೆ.

## ಕಾನೂನು

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯು 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದ ಆಯುಧಗಳನ್ನೂ, ಆಧುನಿಕ ತೋಟಾ ಬಳಸದ ಅವುಗಳ ಪ್ರತಿಕೃತಿಗಳನ್ನೂ ಪ್ರಾಚೀನ ಆಯುಧಗಳೆಂದು ಪರಿಗಣಿಸುತ್ತದೆ. ಅಲ್ಲಿನ ರಾಜ್ಯಗಳ ನಿಯಮಗಳು ಬೇರೆಯಿರಬಹುದು. ಬ್ರಿಟನ್ನಿನಲ್ಲಿ ಪ್ರಾಚೀನ ಆಯುಧಗಳಿಗಿರುವ ವಿನಾಯಿತಿ ಆಧುನಿಕ ಪ್ರತಿಕೃತಿಗಳಿಗೆ ಅನ್ವಯಿಸುವುದಿಲ್ಲ. ಆದುದರಿಂದ ಅಲ್ಲಿ ಗುರುತಿಸುವಿಕೆಯ ತಪ್ಪು ನೇರವಾಗಿ ಅಪರಾಧಕ್ಕೆ ದಾರಿಯಾಗಬಹುದು.

ಭಾರತದಲ್ಲಿ 1959ರ ಆಯುಧ ಅಧಿನಿಯಮದ ವ್ಯಾಖ್ಯೆಯಂತೆ ಸ್ಫೋಟಕದ ಬಲದಿಂದ ಗುಂಡನ್ನು ಹಾರಿಸಬಲ್ಲ ಆಯುಧವು ಬಂದೂಕುಗಳ ವರ್ಗಕ್ಕೆ ಸೇರುತ್ತದೆ. ಕೆಲಸ ಮಾಡಬಲ್ಲ ಕೇಪಿನ ರಿವಾಲ್ವರ್ ಪ್ರತಿಕೃತಿಯಾಗಿದ್ದರೂ ಈ ವ್ಯಾಖ್ಯೆಯೊಳಗೆ ಬರುತ್ತದೆ. ಹಳೆಯ ಮಾದರಿಯ ಅಥವಾ ಪ್ರಾಚ್ಯ ಮೌಲ್ಯದ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಆಯುಧಗಳಿಗೆ ಅಧಿನಿಯಮದಲ್ಲಿ ವಿನಾಯಿತಿಯಿದೆ. ನೂರು ವರ್ಷ ಮೀರಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮವೂ ಅನ್ವಯವಾಗಬಹುದು. ಒಂದು ರಿವಾಲ್ವರ್ ಮೂಲದ್ದೇ, ಪ್ರತಿಕೃತಿಯೇ ಎಂಬ ಪ್ರಶ್ನೆ ಇಲ್ಲಿಯೂ ಕೇವಲ ಸಂಗ್ರಾಹಕರ ಕುತೂಹಲಕ್ಕೆ ಸೀಮಿತವಾದುದಲ್ಲ.

## ಇವನ್ನೂ ನೋಡಿ

* ರಿವಾಲ್ವರ್
* ಕೋವಿಮದ್ದು
* ಸ್ಯಾಮ್ಯುಯೆಲ್ ಕೋಲ್ಟ್
* ಅಮೆರಿಕದ ಅಂತರ್ಯುದ್ಧ